ಐದು ಗುಂಡಿಯ ತೋಳು

ಇಳಕಲ್
೨೬ ಮೇ ೨೦೨೪, ರವಿವಾರ

ಪ್ರೀತಿಯ ಸುಂದರಕ್ಕನಿಗೆ ತಂಗಿ ಕಸ್ತೂರಿಯ ನಮಸ್ಕಾರ.

ಹದಿನಾರು ತಿಂಗಳು ನಿನಗೆ ಮುಖ ತೋರಿಸದವಳು ಈಗ ಪತ್ರ ಬರೆಯಲು ಕುಳಿತಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಬಸ್ಸಿನಲ್ಲಿದ್ದೇನೆ, ಕಚೇರಿಯಲ್ಲಿದ್ದೇನೆ ಎಂದು ಇಟ್ಟುಬಿಡುತ್ತಿದ್ದೆ. ಹೇಳಬೇಕಾದದ್ದು ಬಾಯಿಂದ ಬರುವುದಿಲ್ಲ ಅಕ್ಕಾ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯವರ ಕೈಯಲ್ಲಿ ಈ ಪತ್ರದ ಜೊತೆ ಒಂದು ಚೀಲ ಕಳಿಸಿದ್ದೇನೆ. ಅದರಲ್ಲಿರುವುದು ನಾನೇ ಹೆಣೆದ ಮೇಲಂಗಿ. ನಗಬೇಡ.

ಶಿವರಾತ್ರಿ ಮುಗಿದ ವಾರ ನಿಮ್ಮ ಮನೆಯಿಂದ ಮಲಕಪ್ಪ ಮಾಮಾ ಇವರಿಗೆ ಫೋನ್ ಮಾಡಿದ್ದರು. ನಾನು ಪಕ್ಕದಲ್ಲೇ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ. “ಹೊರಗ ಬಿಸಲ ಸುಡತೈತಿ, ಡಯಾಲಿಸಿಸ್ ರೂಮಿನ್ಯಾಗ ನಮ್ಮಾಕಿ ಗಡಗಡ ನಡಗ್ತಾಳ. ಶಾಲು ಹೊಚ್ಚಿದ್ರ ಸೂಜಿ ಹಾಕಿದ ಕೈ ಮುಚ್ಚತೈತಿ ಅಂತ ಸಿಸ್ಟರ್ ಬೈತಾರ. ಸ್ವೆಟರ್ ಹಾಕಿದ್ರ ಎದಿ ಮ್ಯಾಲ ಕಲ್ಲ ಇಟ್ಟಂಗ ಆಕ್ಕತಿ ಅಂತಾಳ,” ಎಂದರು. ಅವತ್ತು ನನ್ನ ರೊಟ್ಟಿ ಹಂಚಿನ ಮೇಲೇ ಕರಕಾಯಿತು.

ನಮ್ಮ ಓಣಿಯ ನಜಮಾ ನಿನಗೆ ಗೊತ್ತಲ್ಲ, ಮಕ್ಕಳ ಟೊಪ್ಪಿಗೆ, ಫ್ರಾಕು ಕ್ರೋಶಾದಲ್ಲಿ ಹೆಣೆದು ಮಾರುವವಳು. ಹೋಗಿ ಕೇಳಿದೆ. ಅವಳು ಕೊಕ್ಕೆಯ ಸೂಜಿ ಕೈಗೆ ಕೊಟ್ಟು ಒಂದು ವಾರ ಬರೇ ದಾರದ ಸರಪಳಿ ಹಾಕಿಸಿದಳು. ನಾನು ಎಷ್ಟು ಬಿಗಿ ಎಳೆಯುತ್ತಿದ್ದೆನೆಂದರೆ ಎರಡನೇ ಸಾಲಿಗೆ ಸೂಜಿಯೇ ತೂರುತ್ತಿರಲಿಲ್ಲ. “ಅಕ್ಕಾರ, ದಾರದ ಮ್ಯಾಲ ಯಾಕ ಸಿಟ್ಟ? ಬೆರಳಾಗ ಸಡಲ ಬಿಡ್ರಿ, ಅದ ಬರತೈತಿ,” ಎನ್ನುತ್ತಿದ್ದಳು.

ಮೊದಲು ಉಲ್ಲನ್ ತಂದೆ. ಅರವತ್ತು ಕುಣಿಕೆಯಿಂದ ಶುರು ಮಾಡಿದ್ದು ಒಂದು ಗೇಣು ಮೇಲೇರುವಷ್ಟರಲ್ಲಿ ನಲವತ್ತಕ್ಕೆ ಇಳಿದಿತ್ತು. ಪ್ರತಿ ಸಾಲಿನ ಕೊನೆಯ ಕುಣಿಕೆ ಬಿಟ್ಟುಬಿಡುತ್ತಿದ್ದೆನಂತೆ, ನನಗೆ ತಿಳಿದೇ ಇರಲಿಲ್ಲ. ನಜಮಾ ಅದನ್ನು ಎತ್ತಿ ಹಿಡಿದು, “ಇದು ಸಮೋಸಾ ಆತಲ್ರಿ,” ಎಂದಳು. ಜೊತೆಗೆ ಅದು ಭಾರವೂ ಆಗಿತ್ತು, ಚುಚ್ಚುತ್ತಲೂ ಇತ್ತು. ಎಲ್ಲ ಬಿಚ್ಚಿದೆ. ತೆಳು ಹತ್ತಿ ದಾರ ತಂದೆವು, ತಿಳಿ ಹಳದಿ. ಒತ್ತಾಗಿ ಹೆಣೆಯದೆ ನಡುನಡುವೆ ಕಿಂಡಿ ಬಿಡುತ್ತ ಹೋದರೆ ಹಗುರಾಗುತ್ತದೆ ಎಂದು ಅವಳೇ ತೋರಿಸಿದಳು.

ಹುನಗುಂದದ ಕಚೇರಿಗೆ ಹೋಗುವಾಗ ಬರುವಾಗ ಬಸ್ಸಿನಲ್ಲೂ ಹೆಣೆದೆ. ಒಬ್ಬ ಅಜ್ಜ ಬಹಳ ಹೊತ್ತು ನೋಡಿ, “ಮೀನಿನ ಬಲಿ ಏನವಾ?” ಎಂದು ಕೇಳಿದ. ಹೌದೆಂದೆ. ಬೆನ್ನಿನ ತುಂಡು ಎರಡು ಸಲ ಬಿಚ್ಚಿದ್ದೇನೆ. ಅಳತೆಗೆ ನನ್ನ ಜಂಪರನ್ನೇ ಇಟ್ಟುಕೊಂಡೆ. ನೀನು ಇಳಿದುಹೋಗಿದ್ದೀ ಎಂದು ಮಾಮಾ ಹೇಳಿದ್ದರಿಂದ ನಾಲ್ಕು ಬೆರಳು ಕಡಿಮೆ ಮಾಡಿದೆ. ಒಂದು ತೋಳಿನ ಅಂಚುಗಳನ್ನು ಕೂಡಿಸಿ ಹೊಲಿದಿಲ್ಲ, ಮುಂಗೈಯಿಂದ ಭುಜದವರೆಗೆ ಐದು ಗುಂಡಿ ಹಚ್ಚಿದ್ದೇನೆ. ಗುಂಡಿ ಬಿಚ್ಚಿದರೆ ಸೂಜಿ ಹಾಕುವ ಕೈ ಪೂರ್ತಿ ತೆರೆಯುತ್ತದೆ, ಉಳಿದ ಮೈ ಬೆಚ್ಚಗಿರುತ್ತದೆ. ಕಿರಾಣಿ ಅಂಗಡಿಯಲ್ಲಿ ತೂಗಿಸಿದೆವು, ಇನ್ನೂರು ಗ್ರಾಂ ಸಹ ಇಲ್ಲ.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಇದನ್ನು ಮೈಮೇಲೆ ಹಾಕಿಕೊಂಡು ನೀನು ನನ್ನನ್ನು ಹರಸುತ್ತೀ. ಹರಸುವ ಮೊದಲು ಇದನ್ನೂ ಓದು.

ನನ್ನ ಕಿಡ್ನಿ ನಿನಗೆ ಹೊಂದಲಿಲ್ಲ ಎಂದು ಡಾಕ್ಟರರು ಹೇಳಿದರಲ್ಲ, ಅದು ಸುಳ್ಳು. ಹೊಂದಿತ್ತು ಅಕ್ಕಾ. ಅವರು ನನ್ನೊಬ್ಬಳನ್ನೇ ಕೂರಿಸಿಕೊಂಡು, “ಮನಸ್ಸಿನಿಂದ ಒಪ್ಪೀರೇನು?” ಎಂದು ಕೇಳಿದರು. “ನನ್ನಿಂದ ಆಗೂದಿಲ್ರಿ,” ಎಂದೆ. ಯಾರೂ ತಡೆದಿರಲಿಲ್ಲ. ಇವರು ಕೊಡು ಎಂದೇ ಅಂದಿದ್ದರು, ಅತ್ತೆಯೂ ಒಪ್ಪಿದ್ದರು. ನನಗೇ ಹೆದರಿಕೆಯಾಯಿತು. ಹೊಟ್ಟೆ ಕೊಯ್ಯುವುದು, ಎಚ್ಚರವಾಗದಿರುವುದು, ಉಳಿದೊಂದೂ ಕೆಟ್ಟರೆ ಎನ್ನುವುದು. ಡಾಕ್ಟರರು ಹೊರಗೆ ಬಂದು ಹೊಂದಲಿಲ್ಲ ಎಂದಾಗ ನೀನು ನನ್ನ ತಲೆ ಸವರಿ, “ಹೋಗ್ಲಿ ಬಿಡ, ನಿಂದೇನ ತಪ್ಪೈತಿ,” ಎಂದೆ. ಬಸ್ಸು ಅಮೀನಗಡದಲ್ಲಿ ನಿಂತಾಗ ಇಳಿದು, ಕರದಂಟಿನ ಅಂಗಡಿಯ ಹಿಂದೆ ನಿಂತು ವಾಂತಿ ಮಾಡಿಕೊಂಡೆ. ಅವತ್ತಿನಿಂದ ನಿನ್ನ ಮುಂದೆ ಬಂದಿಲ್ಲ.

ಇಂದು ಕೇಳಿದರೂ ಕೊಡುವ ಧೈರ್ಯವಿದೆ ಎಂದು ಬರೆಯಲಾರೆ. ಅದು ಇನ್ನೊಂದು ಸುಳ್ಳಾಗುತ್ತದೆ. ಮೇಲಂಗಿ ಬೇಡವೆನಿಸಿದರೆ ಇವರ ಕೈಯಲ್ಲೇ ತಿರುಗಿ ಕಳಿಸು.

ನಿನ್ನ ತಂಗಿ,
ಕಸ್ತೂರಿ


ಬಾಗಲಕೋಟೆ, ವಿದ್ಯಾಗಿರಿ
೬ ಜೂನ್ ೨೦೨೪, ಗುರುವಾರ

ಚಿರಂಜೀವಿ ಕಸ್ತೂರಿಗೆ ಅಕ್ಕನ ಆಶೀರ್ವಾದ.

ಅಕ್ಷರ ಸೊಟ್ಟಗಿದ್ದರೆ ತಪ್ಪು ತಿಳಿಯಬೇಡ. ಒಂದು ಕೈ ಮಷಿನ್ನಿಗೆ ಕೊಟ್ಟು ಮಲಗಿಕೊಂಡೇ ಬರೆಯುತ್ತಿದ್ದೇನೆ. ನಾಲ್ಕು ತಾಸು ಇಲ್ಲಿ ಬೇರೇನು ಕೆಲಸ?

ನಿನ್ನ ಮೇಲಂಗಿ ಮೈಮೇಲಿದೆ. ಬೆಚ್ಚಗಿದೆ, ಹಾಕಿದ್ದೇ ಗೊತ್ತಾಗುವುದಿಲ್ಲ. ಆದರೆ ಹುಡುಗೀ, ಗುಂಡಿಯ ತೋಳನ್ನು ಬಲಗೈಗೆ ಇಟ್ಟಿದ್ದೀ. ನನಗೆ ಸೂಜಿ ಹಾಕುವುದು ಎಡಗೈಗೆ. ಒಂದು ಸಲವಾದರೂ ಬಂದು ನೋಡಿದ್ದರೆ ತಿಳಿಯುತ್ತಿತ್ತು. ಮೊದಲ ದಿನ ಹಾಕಿಕೊಂಡು ಪೆಚ್ಚಾಗಿ ಕುಳಿತಿದ್ದೆ. ಇಲ್ಲಿಯ ಸಿಸ್ಟರ್ ವಿದ್ಯಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಒಳಗಿಂದು ಹೊರಗ ಮಾಡಿ ಹಾಕ್ಕೋರಿ ಅವ್ವಾರ, ಎಡಗೈಗೆ ಬರತೈತಿ,” ಎಂದಳು. ಬಂತು. ಗುಂಡಿಗಳಷ್ಟೇ ಒಳಗೆ ಹೋಗಿದ್ದವು. ನಿನ್ನ ಮಾಮಾ ಚಷ್ಮಾ ಹಾಕಿಕೊಂಡು ಅಂಗಳದಲ್ಲಿ ಕುಳಿತು ಐದನ್ನೂ ಕಿತ್ತು ಈಚೆ ಹಚ್ಚಿದರು. ಬೆರಳಿಗೆ ಮೂರು ಸಲ ಚುಚ್ಚಿಕೊಂಡು ನಿನ್ನ ಹೆಸರು ಹಿಡಿದು ಬೈದರು.

ಪಕ್ಕದ ಮಂಚದ ಶಾರವ್ವ ತನಗೂ ಇಂಥದ್ದು ಬೇಕೆಂದಿದ್ದಾಳೆ. ಅವಳಿಗೂ ಎಡಗೈ. ನೆನಪಿಡು.

ನಿನ್ನ ಪತ್ರವನ್ನು ಮಾಮಾಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ಸೋಮವಾರ, ಗುರುವಾರ ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ನಾನು ಇಲ್ಲೇ ಇರುತ್ತೇನೆ. ಬಾಗಿಲ ಬಳಿ ಒಂದು ಕುರ್ಚಿ ಖಾಲಿ ಇರುತ್ತದೆ.

ನಿನ್ನ ಅಕ್ಕ,
ಸುಂದರವ್ವ

ತಾ.ಕ.: ಇದನ್ನು ಬರೆಯಬಾರದೆಂದು ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿನ್ನನ್ನು ಕರೆಸುವ ಹಿಂದಿನ ದಿನ ನಾನೇ ಡಾಕ್ಟರರ ಹತ್ತಿರ ಹೋಗಿದ್ದೆ. “ಸಾಹೇಬ್ರ, ನನ್ನ ತಂಗಿನ್ನ ಒಬ್ಬಾಕಿನ್ನ ಕುಂಡ್ರಿಸಿ ಕೇಳ್ರಿ. ಆಕಿ ಒಲ್ಲೆ ಅಂದ್ರ ಹೊಂದಲಿಲ್ಲ ಅಂತ ಎಲ್ಲಾರಿಗೂ ಹೇಳ್ರಿ, ನನಗೂ ಹಂಗ ಹೇಳ್ರಿ,” ಎಂದು ಕೈಮುಗಿದು ಬಂದಿದ್ದೆ. ಖರೆ ಏನೆಂದು ತಿಳಿಯದಿದ್ದರೆ ನಿನ್ನ ಮೇಲೆ ನನಗೆ ಸಿಟ್ಟು ಬರುವುದಿಲ್ಲ ಎಂದುಕೊಂಡಿದ್ದೆ. ಈಗ ತಿಳಿಯಿತು. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಹಸಿವಾಯಿತು, ಉಂಡೆ. ಬಾ.