ಗೇಟಿನವರೆಗೆ

ಅಪ್ಪಾ,

ನಿನ್ನ ಕಾರಿನ ಮಾಡೆಲ್ಲಿಗೆ ಇವತ್ತು ಅರವತ್ತು ತುಂಬಿತು. ಮೆರವಣಿಗೆಗೆಂದು ಮೈದಾನದಲ್ಲಿ ಅಂಥವೇ ಹದಿನೇಳು ಕಾರು ಸೇರಿದ್ದವು. ನೀನಿಲ್ಲದ ಈ ವರ್ಷ, ಅಮ್ಮನನ್ನೂ ಮಗುವನ್ನೂ ಹಿಂದೆ ಕೂರಿಸಿಕೊಂಡು ನಾನೇ ಓಡಿಸಿಕೊಂಡು ಹೋದೆ. ನಿನ್ನೆಯಿಂದ ನಿದ್ದೆಯಿಲ್ಲ, ಅರ್ಧ ಮಗುವಿನಿಂದ, ಇನ್ನರ್ಧ ಕ್ಲಚ್ಚಿನ ಭಯದಿಂದ.

ಮೆರವಣಿಗೆ ಹೊರಡುವ ಹೊತ್ತಿಗೆ ಕಾರು ಸ್ಟಾರ್ಟೇ ಆಗಲಿಲ್ಲ. ನಿನ್ನ ಮೆಕ್ಯಾನಿಕ್ ಓಡಿಬಂದರು.

"ಚೋಕ್ ಪೂರ್ತಿ ಎಳೆದ್ಯೇನಮ್ಮಾ? ನಿಮ್ಮಪ್ಪ ಅರ್ಧ ಎಳೆದು, ಒಂದ್ಸಲ ಕೆಮ್ಮಿ, ಆಮೇಲೆ ಕೀಲಿ ತಿರುಗಿಸೋರು. ಇಳಿ, ನಾನು ಓಡಿಸ್ತೀನಿ."

"ಬೇಡ ಮಾಮ, ನಾನೇ."

ಸ್ವಲ್ಪ ಹೊತ್ತು ಬಿಟ್ಟು ಅರ್ಧ ಎಳೆದೆ, ಕೆಮ್ಮಿದೆ. ಅಮ್ಮ ನಕ್ಕಳು. ಕಾರು ಹೊರಟಿತು.

ಮೆರವಣಿಗೆಯ ದಾರಿ ನನ್ನ ಹಳೇ ಕಾಲೇಜಿನ ಮುಂದೆಯೇ ಹಾದುಹೋಗುತ್ತಿತ್ತು. ಈ ಡಬ್ಬಾ ಕಾರಿನಿಂದ ಇಳಿಯುವುದನ್ನು ಗೆಳತಿಯರು ನೋಡಬಾರದೆಂದು ಮೂರು ವರ್ಷವೂ ಹಿಂದಿನ ತಿರುವಿನಲ್ಲೇ ನಿಲ್ಲಿಸು ಅನ್ನುತ್ತಿದ್ದೆ. ನೀನು ಒಂದು ದಿನವೂ ಯಾಕೆಂದು ಕೇಳಲಿಲ್ಲ. ಇವತ್ತು ಆ ತಿರುವು ಬಂದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ತೆಗೆದೆ. ನೇರವಾಗಿ ಗೇಟಿನ ಎದುರಿಗೇ ತಂದು ನಿಲ್ಲಿಸಿದೆ. ಹಿಂದಿನವರು ಹಾರನ್ ಹೊಡೆದರೂ ಜಗ್ಗಲಿಲ್ಲ.

"ಯಾಕೇ, ಮತ್ತೆ ಕೆಟ್ಟೋಯ್ತಾ?" ಅಂದಳು ಅಮ್ಮ.

"ಇಲ್ಲಮ್ಮ," ಅಂದೆ. "ನಾನು ಇಲ್ಲೇ ಇಳೀಬೇಕಿತ್ತು."