ನಾವು ಕಡಿದ ನಡುಗಂಬ

ಗಾಳಿಕೊಪ್ಪ, ಕಪ್ಪತಗುಡ್ಡದ ಪಡುವಣ ಮಗ್ಗುಲು
ಎಣ್ಣೆ ನಿಂತ ನೂರಾ ಹದಿನೇಳನೆಯ ವರ್ಷ, ಫೆಬ್ರವರಿ ಮೂವತ್ತು

ಕಾರಿನಲ್ಲಿ ಕೂತು ಓಡಾಡುವ ಹಿರಿಯರಿಗೆ ನೀಲಗಂಗವ್ವನ ಶರಣು.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನೀವು ಮೊದಲ ಸಾಲಿಗೇ ಹುಬ್ಬೇರಿಸುವಿರಿ. ನಾವು ಎಲ್ಲ ತಿಂಗಳಿಗೂ ಮೂವತ್ತೇ ದಿನ ಕೊಟ್ಟು, ಉಳಿದದ್ದನ್ನು ವರ್ಷದ ಕೊನೆಗೆ ಹಬ್ಬಕ್ಕೆಂದು ಎತ್ತಿಟ್ಟುಕೊಂಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಎಂದೋ ತೀರಿಹೋದ ನಿಮಗೆ ಬರೆಯುವುದು ಸುಲಭ, ಎದುರಿಗಿರುವ ಊರವರಿಗೆ ಹೇಳುವುದು ಕಷ್ಟ. ಇದು ತಲೆ ಎತ್ತಿ ಹೇಳುವ ಸುದ್ದಿಯಲ್ಲ, ಅದಕ್ಕೇ ಮೊದಲು ನಿಮಗೆ ಬರೆಯುತ್ತಿದ್ದೇನೆ.

ನೀವು ಬಿಟ್ಟುಹೋದ ಕಾರುಗಳನ್ನು ನಾವು ನಿಂತಗಾಡಿ ಎನ್ನುತ್ತೇವೆ, ಅವು ಎಲ್ಲಿಗೂ ಹೋಗುವುದಿಲ್ಲವಲ್ಲ. ನಮ್ಮ ಕಡೆ ಮಳೆ ಕಡಿಮೆ. ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಬಳಿದರೆ ತುಕ್ಕು ಅಷ್ಟಾಗಿ ಹತ್ತುವುದಿಲ್ಲ. ಹಿಂದಿನ ಡಿಕ್ಕಿಯಲ್ಲಿ ಕೋಳಿಗಳು ಕಾವಿಗೆ ಕೂರುತ್ತವೆ. ಸ್ಟೇರಿಂಗಿನ ಮುಂದಿನ ಹಲಗೆಯ ಮೇಲೆ ದೇವರು, ವಿಭೂತಿ, ಊದುಬತ್ತಿ. ಬಿಚ್ಚಿದ ಗಾಜುಗಳ ಮೇಲೆ ಸಂಡಿಗೆ ಒಣಗಿಸುತ್ತೇವೆ. ಸೀಟಿನ ಬೆಲ್ಟು ತೆಗೆದು ತೊಟ್ಟಿಲಿಗೆ ಕಟ್ಟದ ಮನೆ ನಮ್ಮೂರಲ್ಲಿಲ್ಲ. ಮೊದಲು ಅದು ಯಾರನ್ನು ಹಿಡಿದಿಡುತ್ತಿತ್ತೆಂದು ಕೇಳಿದವರೂ ಇಲ್ಲ. ಗುಡ್ಡದ ಗಾಳಿಗಿರಣಿಯಿಂದ ಬರುವ ಕರೆಂಟನ್ನು ಮನೆಗಿಷ್ಟು ಹೊತ್ತು ಎಂದು ಹಂಚಿಕೊಳ್ಳುತ್ತೇವೆ. ಅದಕ್ಕೆ ಗಾಳಿಪಾಳಿ ಎಂದು ಹೆಸರು, ನಮ್ಮ ಜಗಳಗಳಲ್ಲಿ ಅರ್ಧ ಅದರದ್ದೇ.

ಮದುವೆಯ ಮಂಟಪವೂ ನಿಂತಗಾಡಿಯೇ. ಬಾಗಿಲು, ಸೀಟು, ಗಾಜು ಬಿಚ್ಚಿ, ಒಳಗೆ ಹಲಗೆ ಹಾಸಿ ಮದುಮಕ್ಕಳನ್ನು ಕೂರಿಸುತ್ತೇವೆ. ಬಂದವರು ಮುಯ್ಯಿಯಾಗಿ ಜೋಳದ ಚೀಲ ತರುತ್ತಾರೆ. ಅವನ್ನು ಎಲ್ಲರಿಗೂ ಕಾಣುವಂತೆ ಗಾಡಿಯ ಚಾವಣಿಯ ಮೇಲೆ ಪೇರಿಸಬೇಕು. ಪೇರಿ ಎತ್ತರವಾದಷ್ಟೂ ಬೀಗರ ಮುಂದೆ ನಮ್ಮ ಜಂಬ.

ಇನ್ನು ಕಂಬದ ವಿಷಯ. ಗಾಡಿಯ ಒಂದೊಂದು ಮಗ್ಗುಲಿಗೆ ಮೂರು ಕಂಬಗಳಿರುತ್ತವೆ. ಮುಂದಿನ ಗಾಜಿನ ಅಂಚಿಗೆ ಓರೆಯಾಗಿ ಒರಗಿದ್ದು ಮುಖಗಂಬ, ಎರಡು ಬಾಗಿಲುಗಳ ನಡುವೆ ನೆಟ್ಟಗೆ ನಿಂತದ್ದು ನಡುಗಂಬ, ಹಿಂದಿನ ಗಾಜಿನ ಪಕ್ಕ ಅಗಲವಾಗಿ ಕೂತದ್ದು ಬೆನ್ನುಗಂಬ. ಎರಡೂ ಕಡೆ ಸೇರಿ ಆರು. ಆದರೆ ಮಂಟಪಕ್ಕೆ ಇರಬೇಕಾದದ್ದು ನಾಲ್ಕೇ ಕಂಬ! ಹಿಂದಿನವರು ನಡುಗಂಬಗಳನ್ನು ಚೆಂಡುಹೂವಿನಿಂದ ಮುಚ್ಚಿ, ಅವು ಇಲ್ಲವೆಂದೇ ತಿಳಿದು ಅಕ್ಷತೆ ಹಾಕುತ್ತಿದ್ದರು. ಈ ಸುಗ್ಗಿಯಲ್ಲಿ ನನ್ನ ಮಗ ಫಕ್ಕೀರೇಶನ ಮದುವೆಗೆ ಊರ ದೈವದವರು, ಎಂದರೆ ನಮ್ಮ ಹಿರಿಯರು, ಮುಚ್ಚುವುದೇಕೆ, ಕಡಿದೇ ಬಿಡೋಣ ಎಂದರು. ನಮಗೆಲ್ಲ ಅದು ದೊಡ್ಡ ಬುದ್ಧಿವಂತಿಕೆಯಾಗಿ ಕಂಡಿತು.

ಹೊರಗಿನ ತಗಡನ್ನು ಕರೆಂಟಿನ ಗರಗಸ ಸಲೀಸಾಗಿ ಕುಯ್ದಿತು. ಅದರೊಳಗೆ ಇನ್ನೊಂದು ಉಕ್ಕಿನ ಪದರ ಸಿಕ್ಕಿ ಗರಗಸದ ಹಲ್ಲುಗಳೇ ಉದುರಿದವು. ನೆರೆಮನೆಯ ಗಾಳಿಪಾಳಿಯನ್ನೂ ಅದಕ್ಕೇ ಸುರಿದೆವು. ಇಷ್ಟು ಹಟ ಹಿಡಿಯುವ ಉಕ್ಕನ್ನು ನೀವು ಸುಮ್ಮನೆ ಇಟ್ಟಿರಲಾರಿರಿ ಎಂದು ನಮಗೆ ಹೊಳೆಯಬಾರದಿತ್ತೇ? ಕೊನೆಗೆ ಕಂಬ ತುಂಡಾದಾಗ ಒಬ್ಬ ಹಿರಿಯರು ಇಣುಕಿ ನೋಡಿ, “ಒಳಗ ಬರೇ ಟೊಳ್ಳ ಐತಲ್ಲೋ! ಇದೇನ ಭಾರ ಹೊರತೈತಿ?” ಎಂದರು. ನಾವು ನಕ್ಕೆವು. ಗಾಳಿಗಿರಣಿಗೆ ನಾವು ಹತ್ತುವ ಬಿದಿರೇಣಿಯೂ ಟೊಳ್ಳೇ ಎಂಬುದು ಯಾರ ನೆನಪಿಗೂ ಬರಲಿಲ್ಲ. ಉಳಿದ ಮೋಟುಗಳಿಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆದೆವು.

ಮದುವೆಯ ದಿನ ಮುಯ್ಯಿಯ ಚೀಲಗಳು ಏರುತ್ತಿದ್ದಂತೆ ಚಾವಣಿಯ ಅಂಚು ನಡುವೆ ಜೋತುಬಿದ್ದದ್ದನ್ನು ಕಂಡವಳು ಮದುಮಗಳು ಕಸ್ತೂರಿ ಒಬ್ಬಳೇ. ಆಕೆ ನನ್ನ ಮಗನನ್ನು ಹೊರಕ್ಕೆ ನೂಕಿದಳು. ತಾನು ಹೊರಬರುವಷ್ಟರಲ್ಲಿ ಚಾವಣಿ ಕುಸಿದು, ಎಡಗೈಯ ಎರಡು ಬೆರಳು ಅಲ್ಲೇ ಉಳಿದವು. ನನ್ನ ಮಗನ ಪ್ರಾಣ ಉಳಿಸಿದ ಆ ಹುಡುಗಿಗೆ ನಾವೇನೆಂದೆವು ಗೊತ್ತೇ? ಕಾಲ್ಗುಣ ಸರಿಯಿಲ್ಲ ಎಂದೆವು. “ಕಾಲಿಡೂದ್ರಾಗ ಮಾಳಿಗಿ ಕೆಡವಿದ್ಲು” ಎಂಬ ಮಾತು ಓಣಿ ಓಣಿ ತಿರುಗಿತು. ನಾನೂ ಅದಕ್ಕೆ ತಲೆಯಾಡಿಸಿದೆ. ಫಕ್ಕೀರೇಶನೂ ನಾನೂ ಕೈ ಮಾಯಲಿ ಎಂಬ ನೆಪ ಹೇಳಿ ಆಕೆಯನ್ನು ತವರಿಗೆ ಕಳಿಸಿದೆವು.

ಮೊನ್ನೆ ಆಕೆಯ ಟ್ರಂಕು ಒಪ್ಪಿಸಿ, ಸಂಬಂಧ ಇಲ್ಲಿಗೆ ಮುಗಿಯಿತೆಂದು ಹೇಳಿಬರಲು ದೈವದವರು ನನ್ನನ್ನು ಆಕೆಯ ತವರು ಹಿರೇಕಣಿವೆಗೆ ಕಳಿಸಿದರು. ಅವರ ಅಂಗಳದಲ್ಲಿಯೂ ಒಂದು ನಿಂತಗಾಡಿಯಿತ್ತು. ಅದರ ಚಾವಣಿಯ ಮೇಲೆ ಸುಗ್ಗಿಯ ಜೋಳವೆಲ್ಲ ಕೂತಿತ್ತು, ನಮ್ಮ ಮುಯ್ಯಿಗಿಂತ ಎಷ್ಟೋ ಹೆಚ್ಚು. ಚಾವಣಿ ಎಲ್ಲೂ ಬಗ್ಗಿರಲಿಲ್ಲ. ಎಣಿಸಿದೆ, ಆರೂ ಕಂಬಗಳಿದ್ದವು.

ಕಸ್ತೂರಿ ನೀರು ತಂದುಕೊಟ್ಟಳು. ನಾನು ನೋಡುತ್ತಿರುವುದನ್ನು ಗಮನಿಸಿ, ನನ್ನ ಕೈ ಹಿಡಿದು ನಡುಗಂಬದ ಮೇಲಿಟ್ಟಳು. ಅದರ ತಲೆ ಚಾವಣಿಯ ಅಂಚಿಗೆ ಬೆಸೆದಿತ್ತು, ಬುಡ ಅಗಲವಾಗಿ ತಳದ ತೊಲೆಗೆ ಬೆಸೆದಿತ್ತು. ಎರಡನ್ನೂ ನನ್ನ ಕೈಯಿಂದಲೇ ಮುಟ್ಟಿಸಿ ಆಕೆ ಮೆಲ್ಲಗೆ ಹೇಳಿದಳು: “ಅತ್ತೀ, ಮ್ಯಾಲಿನ ಭಾರ ನೆಲಕ್ಕ ಇಳೀಬೇಕಂದ್ರ ಹಾದಿ ಬೇಕ್ರಿ. ನಡುವಿನ ಹಾದೀನ ನೀವು ಕಡದ್ರಿ. ಕಂಬ ಎಲ್ಲಿ ಅಂತ ಅವತ್ತ ಕೇಳಬೇಕಂದೆ. ಹೊಸಾ ಸೊಸಿ, ಹೆಂಗ ಕೇಳ್ಲಿ?” ನಿಮ್ಮ ಕಾಲದಲ್ಲಿ ಗಾಡಿ ಪಲ್ಟಿಯಾದರೆ ಚಾವಣಿ ತಲೆಗೆ ಬೀಳದಂತೆ, ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದರೆ ಕೂತವರ ಮೈಗೆ ಬರದಂತೆ ಅದೇ ಕಂಬ ಅಡ್ಡ ನಿಲ್ಲುತ್ತಿತ್ತು ಎಂದು ಅವರಜ್ಜ ಹೇಳುತ್ತಿದ್ದನಂತೆ. ನಾನು ನೀರನ್ನು ಕುಡಿಯದೆ ಕೆಳಗಿಟ್ಟೆ.

ಮನೆಗೆ ಬಾ ತಾಯಿ ಎಂದೆ. ಆಕೆ ಅಳಲಿಲ್ಲ, ಬೈಯಲಿಲ್ಲ. “ಬರತೀನ್ರಿ. ಆದ್ರ ಕಾಲ್ಗುಣ ಅಂದವ್ರೆಲ್ಲಾ ಕೂಡಿದಾಗ, ಅದು ಕಾಲಲ್ಲ ಕಂಬ ಅಂತ ನೀವು ಹೇಳ್ರಿ. ಆಮ್ಯಾಲ ಬರತೀನಿ” ಎಂದಳು. ಟ್ರಂಕು ಹೊತ್ತುಕೊಂಡು ಹಾಗೇ ವಾಪಸು ಬಂದೆ.

ನಾಳೆ ದೈವದವರು ಕೂಡುತ್ತಾರೆ. ಇನ್ನೊಂದು ಮದುವೆ ಇದೆ; ಇನ್ನೊಂದು ಗಾಡಿಯ ನಡುಗಂಬಗಳ ಮೇಲೆ ಎಲ್ಲಿ ಕುಯ್ಯಬೇಕೆಂದು ಆಗಲೇ ಸುಣ್ಣದ ಗೆರೆ ಎಳೆದಿದ್ದಾರೆ. ಸೊಸೆಯನ್ನು ಅನ್ನುವಾಗ ನನ್ನ ನಾಲಿಗೆ ಎಷ್ಟು ಚುರುಕಾಗಿತ್ತು! ಈಗ ನೋಡಿದರೆ ಊರವರಿಗೆ ಹೇಳಬೇಕಾದದ್ದನ್ನು ನಿಮಗೆ ಬರೆಯುತ್ತ ಕೂತಿದ್ದೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಬಾಗಿಲು ತೆಗೆದಾಗ, ಬೆಲ್ಟು ಎಳೆದುಕೊಳ್ಳುವ ಮೊದಲು, ಆ ನಡುಗಂಬದ ಬುಡದಲ್ಲಿ ಮೊಳೆಯಿಂದಲಾದರೂ ಕೊರೆದಿಡಿ: ಇದನ್ನು ಕಡಿಯಬೇಡಿ, ಇದು ಹೊರುತ್ತಿದೆ. ಈ ಕಾಗದ ನಿಮ್ಮನ್ನು ಮುಟ್ಟಿದ್ದರೆ ಆ ಅಕ್ಷರ ನಮ್ಮ ಮೋಟುಗಳ ಮೇಲೆ ಈಗಲೇ ಇರಬೇಕು. ಬೆಳಿಗ್ಗೆ ಹೋಗಿ ಸುಣ್ಣ ಕೆರೆದು ನೋಡುತ್ತೇನೆ. ಅಕ್ಷರ ಸಿಕ್ಕರೆ ದೈವದವರಿಗೆ ತೋರಿಸಿ, ಕಾರಿನ ಕಾಲದ ಹಿರಿಯರು ಆಗಲೇ ಹೇಳಿದ್ದರು, ನಾವೇ ನೋಡಲಿಲ್ಲ ಎನ್ನುತ್ತೇನೆ.

ಸಿಗದಿದ್ದರೆ ಆ ಮೋಟಿನ ಮೇಲೆ ಕೈಯಿಟ್ಟು ನಾನೇ ಹೇಳಬೇಕು. ಹೇಳುತ್ತೇನೆ. ಟ್ರಂಕನ್ನು ಆಗಲೇ ಆಕೆಯ ಕೋಣೆಯಲ್ಲಿ ಇಟ್ಟಿದ್ದೇನೆ.