ಫಕೀರವ್ವನ ಹನ್ನೊಂದು ವರ್ಷ ಐದು ತಿಂಗಳು

ಹಳೇ ಊರು, ಬಾಗಲಕೋಟೆ
ಫೆಬ್ರವರಿ ೩೦, ೨೨೧೪

ಸುಮಾರು ನೂರ ತೊಂಬತ್ತು ವರ್ಷ ಹಿಂದೆ ಇರುವವರೇ,

ಮೇಲಿನ ತಾರೀಖು ಕೈತಪ್ಪಿನಿಂದ ಬಂದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಹೊರದಿನಗಳು ಎನ್ನುತ್ತೇವೆ. ನನ್ನ ಕನ್ನಡ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಪದವಿ ಪಡೆದವಳು ನಾನು, ನಿಮ್ಮೊಂದಿಗೆ ಮಾತಾಡಿದವಳಲ್ಲ. ನಿಜ ಹೇಳಬೇಕೆಂದರೆ ನನ್ನ ಕಾಲದವರೊಂದಿಗೂ ಹೆಚ್ಚು ಮಾತಾಡಿದವಳಲ್ಲ. ಸಾಹಿತ್ಯ ಓದಿದವರು ಪದವಿ ಮುಗಿಸಿದ ವರ್ಷ ಹಿಂದಿನವರಿಗೆ ಒಂದು ಪತ್ರ ಬರೆದು, ಮಡಕೆಯಲ್ಲಿಟ್ಟು ನೆಲದಲ್ಲಿ ಹೂಳುವ ರೂಢಿ ಇಲ್ಲಿದೆ. ಅದಕ್ಕೆ ಹಿಂದೋಲೆ ಎಂದು ಹೆಸರು. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ.

ನೀವು ಕಂಡ, ಈ ಊರನ್ನು ಮುಳುಗಿಸಿದ್ದ ಅಣೆಕಟ್ಟಿನ ಹಿನ್ನೀರು ಈಗ ತುಂಬ ದೂರ ಸರಿದಿದೆ. ಅದು ಬಿಟ್ಟುಹೋದ ಹೂಳಿನಿಂದ ಇಟ್ಟಿಗೆ ಮಾಡಿ ಸುಟ್ಟು ನಾವು ಬದುಕುತ್ತೇವೆ. ಬಿಸಿಲಿಗೆ ಹೆದರಿ ಮನೆಗಳನ್ನು ಅರ್ಧ ನೆಲದೊಳಗೆ ಕಟ್ಟಿಕೊಂಡಿದ್ದೇವೆ. ನಡುಹಗಲಿನಲ್ಲಿ ಊರಿಗೆ ಊರೇ ನಿದ್ದೆ ಮಾಡುತ್ತದೆ. ಕೆಲಸ, ಸಂತೆ, ಮದುವೆ ಎಲ್ಲವೂ ಬೆಳಗಿನ ಜಾವ ಶುರುವಾಗಿ ಎಂಟಕ್ಕೆ ಮುಗಿಯುತ್ತವೆ. ಬಾಕ್ಸಿಂಗ್ ಕೂಡ ಹಾಗೆಯೇ. ನೀರಿನಿಂದ ಮೇಲೆದ್ದ ಒಂದು ಹಳೆಯ ಮನೆಯ ಅಡಿಪಾಯವೇ ನಮ್ಮ ರಿಂಗು. ಅದರ ಸುತ್ತ ಊರು ಕೂರುತ್ತದೆ, ರೊಟ್ಟಿ ಗಂಟು ಬಿಚ್ಚುತ್ತದೆ, ಬೈಯುತ್ತದೆ, ನಗುತ್ತದೆ.

ಒಂದು ಕಾಲದಲ್ಲಿ ಬಿದ್ದವರಿಗೆ ಯಂತ್ರ ಎಣಿಸುತ್ತಿತ್ತಂತೆ. ಅದನ್ನು ಯಾರೋ ತಿದ್ದಿದ್ದಾರೆಂಬ ಜಗಳದಲ್ಲಿ ಎರಡು ಓಣಿಗಳು ಮಾತು ಬಿಟ್ಟವು. ಅಂದಿನಿಂದ ಊರೆಣಿಕೆ ಬಂತು. ಆಟಗಾರ್ತಿ ಬಿದ್ದರೆ ಕೂತವರೆಲ್ಲ ಒಟ್ಟಾಗಿ ಒಂದರಿಂದ ಹತ್ತು ಹೇಳಬೇಕು. ಹತ್ತು ಕೇಳಿಸಿದ ಕೂಡಲೇ ರಿಂಗಿನ ಕೆಳಗೆ ಕೂತವಳು ಜಾಗಟೆ ಬಾರಿಸಬೇಕು. ನಾಲ್ಕು ವರ್ಷದಿಂದ ಆ ಜಾಗಟೆಯವಳು ನಾನು. ಬಾಯಿ ತೆರೆಯದೆ ಮಾಡಬಹುದಾದ ಕೆಲಸ ಊರಲ್ಲಿ ಅದೊಂದೇ ಇತ್ತು.

ಪಟ್ಟ ಫಕೀರವ್ವ ಮೇಟಿಯದು. ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಮಾಡುವ ಆಕೆ ಇಪ್ಪತ್ತಮೂರನೆಯ ವಯಸ್ಸಿಗೆ ಗೆದ್ದ ಪಟ್ಟವನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ರಿಂಗಿನೆದುರು ಒಂದು ಹೆಸರುಗಲ್ಲು ಇದೆ. ಅತಿ ಹೆಚ್ಚು ಕಾಲ ಪಟ್ಟ ಉಳಿಸಿಕೊಂಡವರ ಸಾಲುಗಳು ಅದರಲ್ಲಿವೆ. ಮೊದಲ ಸಾಲು ನಿಮ್ಮ ಕಡೆಯವರದು: ಇಪ್ಪತ್ತನೆಯ ಶತಮಾನದ ಒಬ್ಬ ಹೆವಿವೇಟ್ ಬಾಕ್ಸರ್, ಹನ್ನೊಂದು ವರ್ಷ ಎಂಟು ತಿಂಗಳು, ಇಪ್ಪತ್ತೈದು ಸವಾಲುಗಳು. ಹರಿದ ಹಾಳೆಯೊಂದರಿಂದ ಇಷ್ಟೇ ಸಿಕ್ಕಿತು. ಹಾಳೆಯಲ್ಲಿ ಹೆಸರಿದ್ದ ತುದಿ ಇರಲಿಲ್ಲ. ಆ ಹೆಸರಿಲ್ಲದ ಮನುಷ್ಯನನ್ನು ನಮ್ಮ ಫಕೀರವ್ವ ದಾಟಬೇಕೆಂದು ಊರು ವರ್ಷಗಟ್ಟಲೆ ಕಾದಿತ್ತು.

ದಾಟಲು ಮೂರು ತಿಂಗಳು ಉಳಿದಿದ್ದಾಗ ಗಾದಿ ಹೊಲಿಯುವ ಮನೆಯ ಮುಮ್ತಾಜ್ ನದಾಫ ಸವಾಲು ಹಾಕಿದಳು. ನಾಲ್ಕನೆಯ ಸುತ್ತಿನಲ್ಲಿ ಫಕೀರವ್ವ ಬಿದ್ದಳು. ಊರು ಎಣಿಸತೊಡಗಿತು.

ನನ್ನದೊಂದು ಗುಟ್ಟಿನ ಅಭ್ಯಾಸವಿತ್ತು. ಊರು ಎಣಿಸುವಾಗ ನಾನು ಮನಸ್ಸಿನಲ್ಲೇ ಒಂದು ಭಾಮಿನಿ ಷಟ್ಪದಿಯನ್ನು ಸಮವೇಗದಲ್ಲಿ ಹೇಳಿಕೊಳ್ಳುತ್ತಿದ್ದೆ. ಯಾರೇ ಬಿದ್ದರೂ ಮೂರನೆಯ ಸಾಲು ಮುಗಿಯುವಾಗ ಊರು ಹತ್ತು ಎನ್ನುತ್ತಿತ್ತು. ಅಂದು ಆರೂ ಸಾಲು ಮುಗಿದಾಗ ಊರು ಇನ್ನೂ ಒಂಬತ್ತರಲ್ಲಿತ್ತು. ಫಕೀರವ್ವ ಎದ್ದಳು. ಏಳನೆಯ ಸುತ್ತಿನಲ್ಲಿ ಗೆದ್ದಳು. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಪ್ರತಿಯೊಬ್ಬರೂ ಮುಂದಿನ ಅಂಕಿಯನ್ನು ಪಕ್ಕದವರೇ ಮೊದಲು ಹೇಳಲಿ ಎಂದು ಚೂರು ಕಾದರು, ಅಷ್ಟೆ. ನಾನೂ ಸುಮ್ಮನಿದ್ದೆ. ಮೂರು ವರ್ಷ ಸುಮ್ಮನಿದ್ದೆ.

ಹೋದ ತಿಂಗಳು ಕಲ್ಲಿನ ಮೇಲೆ ಫಕೀರವ್ವನ ಸಾಲು ಕೆತ್ತುವುದೆಂದು ನಿಶ್ಚಯವಾಯಿತು. ಹದಿನಾಲ್ಕು ವರ್ಷ, ಎಲ್ಲರಿಗಿಂತ ಮೇಲೆ. ಮರುದಿನ ಬೆಳಿಗ್ಗೆ ಆಕೆ ಭಟ್ಟಿಯ ಬೂದಿ ಮೆತ್ತಿದ ಕೈಯಲ್ಲೇ ನಮ್ಮ ಮನೆಗೆ ಬಂದಳು.

"ಚಂಪಾ, ಅವತ್ತ ಜಾಗಟಿ ಹಿಡಕೊಂಡ ಕುಂತಾಕಿ ನೀನ. ಖರೇ ಹೇಳ, ನಾ ಎಷ್ಟೊತ್ತ ಬಿದ್ದಿದ್ನಿ?"

"ಊರು ಹತ್ತು ಅನ್ನಲಿಲ್ಲಲ್ಲ ಅಕ್ಕಾ."

"ಊರಿನ ಮಾತ ಬ್ಯಾಡ. ನೀ ಒಳಗೊಳಗ ಏನೋ ವಟವಟ ಅಂತಿರ್ತಿ, ನಾ ನೋಡೀನಿ. ಅದನ್ನ ಹೇಳ."

"ಉಳಿದವರಿಗೆ ಅರ್ಧ ಪದ್ಯ, ಅಕ್ಕಾ. ನಿಮಗ ಪೂರಾ."

ಆಕೆ ಮೆಟ್ಟಿಲ ಮೇಲೆ ಕೂತಳು. "ಎದ್ದಾಗ ತಲಿ ಭಾಳ ಹಗರ ಆಗಿತ್ತು. ಹತ್ತರೊಳಗ ಅಷ್ಟ ಹಗರ ಆಗಂಗಿಲ್ಲ" ಎಂದಳು. ಆಮೇಲೆ, "ಅಂದ್ರ ಆ ಹುಡುಗಿ ನನ್ನ ಗೆದ್ದಾಳ."

ನನ್ನನ್ನೂ ಕರೆದುಕೊಂಡು ಮುಮ್ತಾಜಳ ಮನೆಗೆ ಹೋಗಿ, ನಡೆದದ್ದು ಹೇಳಿ, ಪಟ್ಟ ನಿನ್ನದೇ ಎಂದಳು. ಮುಮ್ತಾಜ್ ದಬ್ಬಣ ಕೆಳಗಿಡದೆ ಎಲ್ಲ ಕೇಳಿಸಿಕೊಂಡಳು.

"ಮೂರು ವರ್ಷದ ಹಿಂದಿನ ರೊಟ್ಟಿ ಈಗ ಬಡಸಾಕ ಬಂದಿಯೇನ, ಫಕೀರಕ್ಕಾ? ನಂಗ ಬ್ಯಾಡ. ಬಿಸೀದ ಇದ್ರ ಕೊಡ."

"ಕೊಡತೀನಿ. ಹರದ ಗ್ಲೌಸ್ ಹೊಲಕೊಂಡ ಬಾ."

ಪಂದ್ಯದ ದಿನ ಫಕೀರವ್ವ ಹಗ್ಗಕ್ಕೆ ಒರಗಿ ಊರಿಗೆ ಹೇಳಿದಳು: "ಇವತ್ತ ಯಾರೂ ಎಣಸಬ್ಯಾಡ್ರಿ. ನಿಮ್ಮ ಪ್ರೀತಿ ಗೊತ್ತೈತಿ, ಅದಕ್ಕ ಹೇಳಾಕತ್ತೀನಿ. ಹೂಗಾರ ಚಂಪಾ ಒಬ್ಬಾಕಿನ ಎಣಸ್ತಾಳ."

"ಆಕಿ ದನಿ ಆಕಿಗೇ ಕೇಳಂಗಿಲ್ಲಲೇ ಯವ್ವಾ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

"ನೀವ ಬಾಯಿ ಮುಚ್ಚರಿ, ಕೇಳತೈತಿ."

ಆರನೆಯ ಸುತ್ತಿನಲ್ಲಿ ಮುಮ್ತಾಜಳ ಎಡಗೈ ಪಕ್ಕೆಗೆ ಬಿತ್ತು, ಬಲಗೈ ಗಲ್ಲಕ್ಕೆ. ಫಕೀರವ್ವ ನನ್ನ ಕಡೆಗೇ ಬಿದ್ದಳು. ನಾನು ಎದ್ದು ನಿಂತು ಒಂದು ಎಂದೆ. ಸಾವಿರ ಜನ ಕೂತಿದ್ದರೂ ನನಗೆ ಕೇಳಿಸಿದ್ದು ನನ್ನ ದನಿ ಮತ್ತು ಆಕೆಯ ಉಸಿರು ಮಾತ್ರ. ಏಳಕ್ಕೆ ಆಕೆ ಮೊಣಕಾಲು ಊರಿದಳು. ಎಂಟಕ್ಕೆ ಕೈ ಹಗ್ಗ ಹಿಡಿಯಿತು. ಒಂಬತ್ತು ಎಂದ ಮೇಲೆ ನನ್ನ ನಾಲಿಗೆ ನಿಂತುಕೊಳ್ಳಲು ನೋಡಿತು. ಊರು ಅಂದು ಯಾಕೆ ತಡಮಾಡಿತೆಂದು ನನಗೆ ಆಗ ಪೂರ್ತಿ ತಿಳಿಯಿತು. ಒಂದು ಉಸಿರು ಕಾದಿದ್ದರೆ ಆಕೆ ಎದ್ದು ನಿಲ್ಲುತ್ತಿದ್ದಳು. ಆಕೆ ನನ್ನನ್ನೇ ನೋಡುತ್ತಿದ್ದಳು. ಮನಸ್ಸಿನಲ್ಲಿ ಮೂರನೆಯ ಸಾಲು ಮುಗಿಯಿತು. ಹತ್ತು ಎಂದೆ. ಜಾಗಟೆ ಬಾರಿಸಿದೆ.

ಮುಮ್ತಾಜ್ ಕುಣಿಯಲಿಲ್ಲ. ಬಗ್ಗಿ, ಆಕೆಯ ತೋಳು ಹಿಡಿದೆತ್ತಿ, "ಭಾಳ ಬಿಸಿ ಇತ್ತವ್ವ" ಎಂದಳು. ಫಕೀರವ್ವ ಒಡೆದ ತುಟಿಯಲ್ಲೇ ನಕ್ಕುಬಿಟ್ಟಳು. ಇಳಿಯುವಾಗ ಕಲ್ಲು ಕೆತ್ತುವವರ ಹತ್ತಿರ ನಿಂತು, "ಮೂರು ವರ್ಷದ ಹಿಂದ ಬಿದ್ದ ದಿನಕ್ಕ ಲೆಕ್ಕ ನಿಲ್ಲಸರಿ. ಹನ್ನೊಂದು ವರ್ಷ ಐದು ತಿಂಗಳು ಅಂತ ಕೆತ್ತರಿ. ಆ ಮನಶ್ಯಾನ ಕೆಳಗ" ಎಂದಳು. ಊರು ಒಪ್ಪಲು ಎರಡು ವಾರ ಬೇಕಾಯಿತು. ನಿನ್ನೆ ಕೆತ್ತನೆ ಮುಗಿಯಿತು.

ಇಷ್ಟು ಬರೆದದ್ದು ಒಂದು ಕೋರಿಕೆಗಾಗಿ. ನಮ್ಮ ಕಲ್ಲಿನ ಮೊದಲ ಸಾಲಿನಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ. ಆತ ಯಾರೆಂದು ನೀವು ಬಲ್ಲಿರಿ. ಬಹುಶಃ ಯಾರನ್ನು ಕೇಳಿದರೂ ಹೇಳುತ್ತಾರೆ. ನೀವು ಬೆಳಕಿನ ಪರದೆಗಳ ಮೇಲೆ ಬರೆದದ್ದು ಒಂದಕ್ಷರವೂ ನಮಗೆ ದಕ್ಕಲಿಲ್ಲ. ದಯವಿಟ್ಟು ಆ ಹೆಸರನ್ನು ಒಂದು ಕಲ್ಲಿನ ಮೇಲೆ ಕೆತ್ತಿ, ನೀರಿಳಿದರೆ ಕಾಣುವ ಕಡೆ ಇಡಿ. ಆತ ಬಿದ್ದಾಗ ಎದುರಿಗೆ ನಿಂತು ಸರಿಯಾಗಿ ಎಣಿಸಿದವರ ಹೆಸರೂ ಗೊತ್ತಿದ್ದರೆ ಕೆಳಗೆ ಸಣ್ಣದಾಗಿ ಸೇರಿಸಿ.

ಫಕೀರವ್ವ ಪ್ರತಿದಿನ ಭಟ್ಟಿಗೆ ಹೋಗುವಾಗ ಆ ಖಾಲಿ ಜಾಗವನ್ನು ಬೆರಳಿಂದ ಒರೆಸಿ, ಧೂಳು ತೆಗೆದು ಹೋಗುತ್ತಾಳೆ.

ನಿಮ್ಮವಳು,
ಚಂಪಾ ಹೂಗಾರ
ಜಾಗಟೆಯವಳು